ನಡಾವಳಿಗೆ ಸೇರದ್ದು

ವಿಷಯ ಸಂಖ್ಯೆ ಹದಿನಾಲ್ಕು:
ಇಪ್ಪತ್ತು ಮೂವತ್ತರ ಸೈಟುಗಳಿಗೆ
ಪಕ್ಕದ ಸೆಟ್‌ಬ್ಯಾಕು ಒಂದು ಮೀಟರಿನಿಂದ
ಮುಕ್ಕಾಲಿಗೆ ಇಳಿಸುವ ಬಗ್ಗೆ.

ಬರೆದುಕೊಂಡೆ. ನನ್ನ ಕೆಲಸವೇ ಅದು.
ಯಾರು ಮಂಡಿಸಿದರು, ಯಾರು ಅನುಮೋದಿಸಿದರು,
ಯಾರು ಕುರ್ಚಿ ತಳ್ಳಿ ಎದ್ದು ಹೋದರು.
ಕೆಮ್ಮು ಬರೆಯುವಂತಿಲ್ಲ.
ಬೋಂಡದ ತಟ್ಟೆ ಬಂದಾಗ ಎರಡೂ ಪಕ್ಷ
ಒಂದು ಗಳಿಗೆ ಒಮ್ಮತಕ್ಕೆ ಬಂದದ್ದನ್ನೂ.

ಚಿಕ್ಕಹೊನ್ನಯ್ಯನವರು ಎದ್ದರು:
"ಆರ್ನೂರಡಿ ಸೈಟಲ್ಲಿ ನಾಲ್ಕೂ ಕಡೆ ಬಿಟ್ಕೊಂಡು ಹೋದ್ರೆ
ನನ್ನ ವಾರ್ಡಿನ ಜನ ಮಲಗೋದೆಲ್ಲಿ ಸ್ವಾಮಿ,
ಸಂಪಿನೊಳಗಾ?"
ನಗು. ನಗುವನ್ನು ದಾಖಲಿಸಬಹುದು.

ಶಾಹಿದಾ ಮೇಡಂ ಸೆರಗಿನಲ್ಲಿ ಕನ್ನಡಕ ಒರೆಸುತ್ತಾ
"ಬೆಂಕಿ ಬಿದ್ರೆ ಏಣಿ ಎಲ್ಲಿಡ್ತೀರಿ?" ಅಂದರು.
"ಏಣೀನೇ ಸಣ್ಣದು ಮಾಡ್ಸೋಣ"
ಅಂತ ಹಿಂದಿನ ಸಾಲಿಂದ ಒಂದು ದನಿ.
ಯಾರೆಂದು ಗೊತ್ತಾಗಲಿಲ್ಲ. ಬಿಟ್ಟೆ.

ಯೋಜನಾ ಶಾಖೆಯವರು ಪರದೆ ಬೆಳಗಿಸಿದರು.
ಬಿಳಿ ಗೋಡೆ, ನೀಲಿ ಗೋಡೆ,
ನಡುವೆ ಅರಿಶಿನ ಬಣ್ಣದ ಪಟ್ಟಿ.
"ಇದು ಖಾಲಿ ಜಾಗ," ಅಂದರು ಕೋಲು ಮುಟ್ಟಿಸಿ.

ಅಲ್ಲಿ ನನ್ನ ಪೆನ್ನು ನಿಂತಿತು.

ಲಗ್ಗೆರೆಯಲ್ಲಿ ನಾನು ಬಾಡಿಗೆಗಿರುವ ಮನೆಗೂ
ರವಿಕೆ ಹೊಲಿಯುವ ಫಿಲೋಮಿನಾಳ ಮನೆಗೂ ನಡುವೆ
ಅಂಥದ್ದೇ ಒಂದು ಪಟ್ಟಿ.
ಖಾಲಿ ಅಂದರಲ್ಲ, ಅಲ್ಲಿ
ನೀರಿನ ಮೀಟರಿದೆ, ಸತ್ತ ಯುಪಿಎಸ್ ಡಬ್ಬವಿದೆ,
ಯಾರೂ ನೆಡದೆ ಎದ್ದ ಪರಂಗಿ ಗಿಡ,
ಮೇಲಿನ ಮಹಡಿಯಿಂದ ಜಾರಿದ ಕ್ಲಿಪ್ಪುಗಳು,
ಮರಿ ಹಾಕಿ ಹಾಕಿ ಸುಸ್ತಾದ ಬೆಕ್ಕು.
ಹನ್ನೆರಡಕ್ಕೆ ಬಂದು
ಹನ್ನೆರಡೂ ಇಪ್ಪತ್ತಕ್ಕೆ ಹೋಗುವ ಬಿಸಿಲು,
ನನಗೆ ರಜೆಯ ದಿನ ಮಾತ್ರ ಸಿಗುತ್ತದೆ.
ಅವಳ ಒಗ್ಗರಣೆಗೆ ನನ್ನ ಸೀನು.
ನನ್ನ ಕುಕ್ಕರು ಎಷ್ಟು ಕೂಗಿತೆಂದು
ನನಗಿಂತ ಅವಳಿಗೆ ಚೆನ್ನಾಗಿ ಗೊತ್ತು.

ಡೆಂಗಿ ಬಂದು ನಾನು ಮಲಗಿದ್ದ ವಾರ
ಕಿಟಕಿಯ ಸರಳುಗಳ ನಡುವಿನಿಂದ
ಗಂಜಿಯ ಲೋಟ ಹಿಡಿದ ಕೈಯೊಂದು
ಆ ಖಾಲಿ ಜಾಗ ದಾಟಿ ಬಂತು.
ಬಳೆ ಗೋಡೆಗೆ ತಾಗಿ ಟಿಣ್ ಎಂದಿತು.
ಕಾನೂನಿನ ಪ್ರಕಾರ ಅವರದೊಂದು ಮೀಟರು,
ನಮ್ಮದೊಂದು ಮೀಟರು.
ಎರಡು ಮೀಟರಿನ ಕೈ ಯಾರಿಗಿದೆ?

ಹಾಗಂತ ಏಣಿಯ ಮಾತು ಸುಳ್ಳೇ?
ಹೋದ ವರ್ಷ ಟ್ರಾನ್ಸ್‌ಫಾರ್ಮರ್ ಸಿಡಿದ ರಾತ್ರಿ
ಇಬ್ಬರೂ ಒಂದೇ ಮೆಟ್ಟಿಲ ಮೇಲೆ
ಚಪ್ಪಲಿಯಿಲ್ಲದೆ ನಿಂತಿದ್ದೆವು.
ನನಗೆ ಮತವಿಲ್ಲ. ಇದ್ದಿದ್ದರೆ
ಯಾವ ಕಡೆ ಕೈ ಎತ್ತುತ್ತಿದ್ದೆನೋ.

ಮೂರು ಗಂಟೆ ಚರ್ಚೆ. ಒಬ್ಬರು ಸಭಾತ್ಯಾಗ.
ಇನ್ನೊಬ್ಬರು ಹೊರಗೆ ಹೋಗಿ ಕಾಫಿ ಕುಡಿದು
ಸಭಾತ್ಯಾಗ ಮುಗಿಸಿ ಬಂದರು.
ಕೊನೆಗೆ ಬರೆದೆ:
'ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಗಿದೆ.'

ಮನೆಗೆ ಬಂದವಳು ಚೀಲ ಇಳಿಸಿ
ಕಿಟಕಿ ಬಡಿದೆ. ಟೇಪು ಕೊಡು ಅಂದೆ.
"ಯಾರ ಅಳತೆ?" ಅಂತ ಫಿಲೋಮಿನಾ,
ಬಾಯಲ್ಲಿ ಎರಡು ಗುಂಡುಪಿನ್ನು.
ಈ ಜಾಗದ್ದು ಅಂದೆ.
ಅವಳೊಂದು ತುದಿ, ನಾನೊಂದು ತುದಿ,
ಕೆಳಗೆ ಬೆಕ್ಕು ಕತ್ತೆತ್ತಿ ನೋಡುತ್ತಿತ್ತು.

ಇಪ್ಪತ್ತೆರಡು ಇಂಚು.
ಇಬ್ಬರು ಓನರುಗಳೂ ಯಾವತ್ತೋ
ನುಂಗಿ ನೀರು ಕುಡಿದಿದ್ದ ಮೀಟರಿಗೆ
ಸಭೆಯಲ್ಲಿ ಬೆಳಗಿನಿಂದ ಮೇಜು ಕುಟ್ಟಿದ್ದರು.

ಫಿಲೋಮಿನಾ ಪಿನ್ನು ತೆಗೆದು ಗೋಡೆಗಳನ್ನು
ಹಳೆ ಗಿರಾಕಿಯ ರವಿಕೆ ನೋಡುವಂತೆ ನೋಡಿದಳು.
"ಮುಂದೆ ಮೈ ಬಂದ್ರೆ ಬಿಚ್ಚೋಕೆ ಅಂತ
ಒಳಗಡೆ ಒಂಚೂರು ಬಟ್ಟೆ ಬಿಡಬೇಕು ಕಣೇ.
ಇವ್ರು ಬಿಟ್ಟೇ ಇಲ್ಲ."

ಟೇಪು ಸುತ್ತಿಕೊಂಡು ಒಳಗೆ ಹೋದಳು.
ಹೊಲಿಗೆ ಯಂತ್ರ ಮತ್ತೆ ಶುರುವಾಯಿತು,
ನನ್ನ ಗೋಡೆ ಸಣ್ಣಗೆ ನಡುಗುವಷ್ಟು ಹತ್ತಿರ.